ಎದುರಾಳಿಯ ಸೋಲಿಗೆ ಹರಕೆ

2022ರ ಮೇ 21ರಂದು ಐಪಿಎಲ್‌ನಲ್ಲಿ ಬೆಂಗಳೂರು ತಂಡಕ್ಕೆ ಪಂದ್ಯವೇ ಇರಲಿಲ್ಲ. ಅದರ ಖಾತೆಯಲ್ಲಿ 16 ಅಂಕ, ನೆಟ್ ರನ್‌ರೇಟ್ ಮಾತ್ರ ಋಣಾತ್ಮಕ. 14 ಅಂಕದ ಡೆಲ್ಲಿ ಆ ರಾತ್ರಿ ವಾಂಖೆಡೆಯಲ್ಲಿ ಮುಂಬೈ ವಿರುದ್ಧ ಗೆದ್ದರೆ ಬೆಂಗಳೂರು ಹೊರಗೆ. ಹೀಗಾಗಿ ಅಭಿಮಾನಿಗಳೆಲ್ಲ ಮುಂಬೈ ಪರ ನಿಂತರು.

ಡೆಲ್ಲಿ 159 ರನ್ ಗಳಿಸಿತು. ಮುಂಬೈನ ಟಿಮ್ ಡೇವಿಡ್ ಬ್ಯಾಟಿಗೆ ಮೊದಲ ಎಸೆತದಲ್ಲೇ ಚೆಂಡು ಸವರಿತ್ತು. ಡೆಲ್ಲಿ ನಾಯಕ ರಿಷಭ್ ಪಂತ್ ಮರುಪರಿಶೀಲನೆ ಕೇಳಲಿಲ್ಲ. ಡೇವಿಡ್ 11 ಎಸೆತದಲ್ಲಿ 34 ಹೊಡೆದರು, ಮುಂಬೈ ಗೆದ್ದಿತು, ಬೆಂಗಳೂರು ಪ್ಲೇಆಫ್ ತಲುಪಿತು.

ಕಾರ್ಯಸಿದ್ಧಿಗೆ ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಐದು ಕಾರಣ ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ಕೊನೆಗೆ ದೈವ. ಪಂತ್ ಕೇಳದೆ ಬಿಟ್ಟ ಆ ಮರುಪರಿಶೀಲನೆ ಬೆಂಗಳೂರಿನ ಪಾಲಿಗೆ ಐದನೆಯದು. ಆದರೆ ಹಿಂದಿನ ಎಂಟು ಗೆಲುವುಗಳಿಲ್ಲದೆ ಆ ದೈವಕ್ಕೆ ಕೆಲಸವೇ ಇರುತ್ತಿರಲಿಲ್ಲ.

ಹಾಗಾದರೆ ನರಿಮೊಗರಿನ ಹುಡುಗನೊಬ್ಬ ಪುತ್ತೂರಿನ ಮಹಾಲಿಂಗೇಶ್ವರನ ಮುಂದೆ ಡೆಲ್ಲಿಯ ಸೋಲನ್ನು ಬೇಡಬಹುದೇ? ಪತಂಜಲಿಯ ಯೋಗಸೂತ್ರ ಮುದಿತೆಯನ್ನು, ಪರರ ಪುಣ್ಯ ಕಂಡು ಹಿಗ್ಗುವುದನ್ನು, ಚಿತ್ತಶುದ್ಧಿಯ ದಾರಿ ಎನ್ನುತ್ತದೆ. ತಂಡದ ಮೇಲಿನ ಪ್ರೀತಿ ನಿಜ. ಆದರೆ ಇನ್ನೊಬ್ಬರ ಕೈ ಜಾರಲಿ ಎಂಬ ಹರಕೆ ಆ ಪ್ರೀತಿಯನ್ನು ಕುಗ್ಗಿಸುತ್ತದೆ. ಮುಂಬೈ ಚೆನ್ನಾಗಿ ಆಡಲಿ ಎಂದು ಬೇಡುವುದು ಬೇರೆಯೇ ಮನಸ್ಸು.

ಮರುವರ್ಷ ಮೇ 21ರಂದೇ ಪಾತ್ರಗಳು ಅದಲುಬದಲಾದವು. ಬೆಂಗಳೂರಿನ ಕೊಹ್ಲಿಯ ಅಜೇಯ 101ಕ್ಕೆ ಗುಜರಾತಿನ ಶುಭಮನ್ ಗಿಲ್ ಅಜೇಯ 104ರ ಉತ್ತರ ಕೊಟ್ಟರು. ಬೆಂಗಳೂರು ಸೋತಿತು, ಮುಂಬೈ ಒಳಗೆ ಹೋಯಿತು.