ಮನೆಗೆ ಮಾರಿ, ಊರಿಗೆ ಉಪಕಾರಿ

ಈ ಗಾದೆಯನ್ನು ಹೆಚ್ಚಾಗಿ ಆಡುವವರು ಹೆಂಗಸರು. ಜಾತ್ರೆಯ ಚಪ್ಪರಕ್ಕೆ ಮುಂದೆ ನಿಲ್ಲುವ, ಯಾರದೋ ಮಗಳ ಮದುವೆಗೆ ಹಗಲಿರುಳು ಓಡಾಡುವ, ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವ ಯಜಮಾನನ ಮನೆಯಲ್ಲಿ ಅಕ್ಕಿ ಮುಗಿದಿರುತ್ತದೆ. ಅದು ಅಡುಗೆಮನೆಯಲ್ಲಿ ನಿಂತವಳಿಗೆ ಮಾತ್ರ ಗೊತ್ತಿರುತ್ತದೆ. ಅವನ ಉಪಕಾರ ಸುಳ್ಳೆಂದು ಗಾದೆ ಹೇಳುವುದಿಲ್ಲ. ಚಪ್ಪರ ಎದ್ದದ್ದೂ ನಿಜ, ಮದುವೆ ನಡೆದದ್ದೂ ನಿಜ. ಊರಿನ ಹೊಗಳಿಕೆಯೂ ಮನೆಯ ಹಸಿವೂ ಒಟ್ಟಿಗೇ ನಿಜವಾಗಿರಬಲ್ಲವು ಎಂಬುದೇ ಅದು ತೋರಿಸುವ ನೋವು.

ಸಂಸ್ಥೆಗಳ ಸಾಮಾಜಿಕ ಹೊಣೆಗಾರಿಕೆಯ ಮಾತು ಬಂದಾಗಲೆಲ್ಲ ನನಗೆ ಈ ಗಾದೆಯೇ ನೆನಪಾಗುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿಗದಿತ ಮಟ್ಟ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಈ ಹಣದಿಂದ ಶಾಲೆಗೆ ಶೌಚಾಲಯ ಬಂದಿದೆ, ಕೆರೆಯ ಹೂಳೆತ್ತಿದ್ದಾರೆ, ಆಸ್ಪತ್ರೆಗೆ ಯಂತ್ರ ಬಂದಿದೆ. ಇದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಕೇವಲ ತನ್ನ ನೌಕರರಿಗೆ ಅನುಕೂಲವಾಗುವ ಕೆಲಸವನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ ಎನ್ನುತ್ತವೆ ನಿಯಮಗಳು. ಅದು ಸರಿಯೇ. ತನ್ನ ಕೊಳಚೆ ನೀರನ್ನು ಶುದ್ಧೀಕರಿಸುವುದು, ತನ್ನ ಕಾರ್ಮಿಕನ ಜೀವ ಕಾಯುವುದು ದಾನವಲ್ಲ, ತೀರಿಸಲೇಬೇಕಾದ ಸಾಲ. ತೊಡಕಿರುವುದು ನಾವು ಇದನ್ನು ಓದಿಕೊಂಡ ರೀತಿಯಲ್ಲಿ. ಹೊಣೆಗಾರಿಕೆ ಎಂದರೆ ಆ ಶೇ 2 ಮಾತ್ರ ಎಂದುಕೊಂಡೆವು. ಲಾಭದಲ್ಲಿ ಎಷ್ಟು ಕೊಟ್ಟಿರಿ ಎಂದು ಕೇಳಿದೆವು. ಆ ಲಾಭ ಹೇಗೆ ಬಂತು ಎಂದು ಕೇಳುವುದನ್ನು ಬಿಟ್ಟೆವು.

ಹಾಗೆ ಕೇಳಬೇಕಾದರೆ ಮೊದಲು ಸಂಸ್ಥೆಯೊಂದರ ಮನೆ ಯಾವುದು ಎಂದು ಗೊತ್ತುಮಾಡಿಕೊಳ್ಳಬೇಕು. ಅಲ್ಲಿ ದುಡಿಯುವವರೆಲ್ಲ ಆ ಮನೆಯವರೇ. ಗೇಟಿನಲ್ಲಿ ನಿಲ್ಲುವ ಕಾವಲುಗಾರ, ಕಸ ಗುಡಿಸುವವಳು ಗುತ್ತಿಗೆದಾರನ ಆಳುಗಳು, ನಮ್ಮವರಲ್ಲ ಎಂದು ಕೈತೊಳೆದುಕೊಳ್ಳುವುದು ಹಳೆಯ ಅಭ್ಯಾಸ. ಆದರೆ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಕಾನೂನಿಗೆ ಕಾಯದೆ ಮನೆಯವರನ್ನು ನೋಡಿಕೊಂಡವರೂ ಇದ್ದರು. ಜಮ್ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಎಂಟು ಗಂಟೆಯ ದುಡಿಮೆಯನ್ನು 1912ರಲ್ಲೇ ಒಪ್ಪಿಕೊಂಡಿತು, 1920ರಲ್ಲಿ ಭವಿಷ್ಯನಿಧಿಯನ್ನು ತಂದಿತು. ದೇಶದ ಕಾನೂನು ಅಲ್ಲಿಗೆ ತಲುಪಲು ದಶಕಗಳೇ ಬೇಕಾದವು. ಅಲ್ಲಿಯೂ 1920 ಮತ್ತು 1922ರಲ್ಲಿ ಮುಷ್ಕರಗಳಾದವು ಎಂಬುದನ್ನು ಮರೆಯಬಾರದು. ಒಳ್ಳೆಯ ಮನೆಯಲ್ಲೂ ಮನೆಯವರು ಬಾಯಿಬಿಟ್ಟು ಕೇಳಬೇಕಾಗುತ್ತದೆ.

ಗಾದೆಯ ಯಜಮಾನನಿಗೂ ಕಾರ್ಖಾನೆಗೂ ಒಂದು ವ್ಯತ್ಯಾಸವಿದೆ. ಯಜಮಾನನ ಮನೆಯ ಕಷ್ಟ ನಾಲ್ಕು ಗೋಡೆಯೊಳಗೆ ಉಳಿಯುತ್ತದೆ, ಕಾರ್ಖಾನೆಯದು ಉಳಿಯುವುದಿಲ್ಲ. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ 1981ರಲ್ಲೇ ಫಾಸ್ಜೀನ್ ಅನಿಲಕ್ಕೆ ಒಬ್ಬ ಕಾರ್ಮಿಕ ಬಲಿಯಾಗಿದ್ದ. ಇಡೀ ನಗರ ಅಪಾಯದಲ್ಲಿದೆ ಎಂದು ಪತ್ರಕರ್ತ ರಾಜಕುಮಾರ್ ಕೇಸ್ವಾನಿ 1982ರಲ್ಲಿ ಬರೆದರು. 1984ರ ಡಿಸೆಂಬರ್ 2ರ ರಾತ್ರಿ ವಿಷಾನಿಲ ಹೊರಬಿದ್ದಾಗ ಅದರ ಮೂಲವಾದ ರಾಸಾಯನಿಕವನ್ನು ತಂಪಾಗಿಡಬೇಕಾದ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಟ್ಟುಹಾಕಬೇಕಾದ ಗೋಪುರ ಕೆಲಸ ಮಾಡುತ್ತಿರಲಿಲ್ಲ. ಒಳಗೆ ಒಬ್ಬನನ್ನು ಕೊಂದ ಅಜಾಗ್ರತೆಯೇ ಮೂರು ವರ್ಷಗಳ ನಂತರ ಕಾಂಪೌಂಡ್ ದಾಟಿ ಸಾವಿರಾರು ಮಂದಿಯನ್ನು ಕೊಂದಿತು. ಮನೆಗೆ ಮಾರಿಯಾದ ಕಾರ್ಖಾನೆ ಊರಿಗೆ ಉಪಕಾರಿಯಾಗಿ ಉಳಿಯಲಾರದು. ಗಾದೆ ಇಲ್ಲಿ ಇನ್ನೂ ಕಠಿಣವಾಗುತ್ತದೆ.

ನಮ್ಮಲ್ಲೇ ನಡೆದ ಇನ್ನೊಂದು ಕಥೆಯಲ್ಲಿ ಮಾರಿ ಬಂದದ್ದು ಹಸಿರು ಬಟ್ಟೆ ಉಟ್ಟುಕೊಂಡು. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಹುಟ್ಟಿತು. ಶೇ 51ರಷ್ಟು ಪಾಲು ಸರ್ಕಾರದ್ದು, ಶೇ 49ರಷ್ಟು ಮರದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್‌ನದು. ಆ ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕೊಡುವುದೆಂದು ತೀರ್ಮಾನವಾಯಿತು. ಕಾಗದದ ಮೇಲೆ ಅದು ಪಾಳುಭೂಮಿ; ಅಲ್ಲಿ ಗಿಡ ನೆಡುವುದೆಂದರೆ ಯಾರಿಗೆ ಬೇಡ? ಊರವರಿಗೆ ಮಾತ್ರ ಅದು ದನ ಮೇಯಿಸುವ ಗೋಮಾಳ, ಸೌದೆ ಆಯುವ ಗುಡ್ಡ, ಹೊಲವಿಲ್ಲದವರ ಕೊನೆಯ ಆಸರೆ. ನೀಲಗಿರಿಯ ಎಲೆಯನ್ನು ಆಡೂ ಮುಟ್ಟುವುದಿಲ್ಲ.

ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿಗಳನ್ನು ಒಗ್ಗೂಡಿಸಿತು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿದರು. ಸತ್ಯಾಗ್ರಹದ ಹೆಸರೇ 'ಕಿತ್ತಿಕೋ-ಹಚ್ಚಿಕೋ'. ಕಂಪನಿಯ ನೀಲಗಿರಿ ಸಸಿಗಳಲ್ಲಿ ಕೆಲವನ್ನು ಕಿತ್ತು, ತಮಗೆ ಬೇಕಾದ ಮೇವಿನ, ಹಣ್ಣಿನ ಗಿಡಗಳನ್ನು ಅಲ್ಲಿ ಹಚ್ಚಿದರು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚಬೇಕಾಯಿತು.

ಈ ಹೋರಾಟದಲ್ಲಿ ನನ್ನನ್ನು ಸೆಳೆಯುವುದು ಹಚ್ಚಿಕೊಂಡ ಸಸಿಗಳು. ಜನ ಮರಗಳ ವೈರಿಗಳಾಗಿರಲಿಲ್ಲ, ಉದ್ಯಮವೇ ಬೇಡವೆಂದೂ ಹಟ ಹಿಡಿದಿರಲಿಲ್ಲ. ಯಾವ ಮರ, ಯಾರ ನೆಲದಲ್ಲಿ, ಯಾರನ್ನು ಕೇಳಿ ಎಂಬುದಷ್ಟೇ ಅವರ ತಕರಾರು. ಪರಿಸರ ಮತ್ತು ಸಮಾಜ ಎಂದು ಇಂದು ವರದಿಗಳಲ್ಲಿ ಬೇರೆ ಬೇರೆ ಅಧ್ಯಾಯಗಳಾಗಿ ಬರುವ ಎರಡು ಸಂಗತಿಗಳು ಆ ಗೋಮಾಳದಲ್ಲಿ ಒಂದೇ ಆಗಿದ್ದವು. ಹಚ್ಚಿದ ಸಸಿಗಳ ಸಂಖ್ಯೆಯನ್ನೇ ಸಾಧನೆಯೆಂದು ತೋರಿಸುವ ಯಾವ ಸಂಸ್ಥೆಯನ್ನು ಕಂಡರೂ ನಾನು ಕುಸನೂರಿನವರ ಆ ಮೂರು ಪ್ರಶ್ನೆಗಳನ್ನೇ ಕೇಳುತ್ತೇನೆ.

ಹಾಗೆಂದು ಕಾಲ ನಿಂತಲ್ಲೇ ನಿಂತಿಲ್ಲ. ಷೇರುಪೇಟೆಯ ಅಗ್ರ 1,000 ಕಂಪನಿಗಳು 2022-23ರಿಂದ ಹೊಣೆಗಾರಿಕೆಯ ವರದಿಯನ್ನು ಕಡ್ಡಾಯವಾಗಿ ಕೊಡಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ವಿಧಿಸಿದೆ. ಎಷ್ಟು ನೀರು ಎತ್ತಿದಿರಿ, ಎಷ್ಟು ಹೊರಬಿಟ್ಟಿರಿ, ಅಪಘಾತದಲ್ಲಿ ಎಷ್ಟು ಮಂದಿ ಸತ್ತರು, ಕಾಯಂ ಅಲ್ಲದವರಿಗೆ ಕನಿಷ್ಠ ಕೂಲಿ ಸಿಕ್ಕಿತೇ ಎಂಬುದೆಲ್ಲ ಅದರಲ್ಲಿ ಬರಬೇಕು. ಅಡುಗೆಮನೆಯ ಲೆಕ್ಕ ಕೊನೆಗೂ ಹೊರಬರುತ್ತಿದೆ. ನಾನಿದನ್ನು ಮನಸಾರೆ ಸ್ವಾಗತಿಸುತ್ತೇನೆ.

ಆದರೆ ಆ ವರದಿ ಹೋಗುವುದು ಹೂಡಿಕೆದಾರನ ಮೇಜಿಗೆ, ಅದೂ ಇಂಗ್ಲಿಷಿನಲ್ಲಿ. ಕಾರ್ಖಾನೆಯ ಕೊಳವೆ ಹೊಳೆಗೆ ಬಂದು ಸೇರುವ ಜಾಗದಿಂದ ಕೆಳಗಿರುವ ಹಳ್ಳಿಗೆ ಅದು ತಲುಪುವುದಿಲ್ಲ. ಅದರ ನೀರಿನ ಪುಟಗಳನ್ನು, ಕೂಲಿಯ ಪುಟಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ವರ್ಷಕ್ಕೊಮ್ಮೆ ಆ ಹಳ್ಳಿಯ ಗ್ರಾಮಸಭೆಯಲ್ಲಿ ಓದಬೇಕು. ಓದಲು ಬರುವವರು ಕಂಪನಿಯ ಪ್ರಚಾರ ವಿಭಾಗದವರಲ್ಲ, ಕಾರ್ಖಾನೆಯ ಮುಖ್ಯಸ್ಥರೇ ಆಗಬೇಕು. ಓದಿ ಮುಗಿಸಿದ ಮೇಲೆ ಅವರು ಅಲ್ಲೇ ಕೂತಿರಬೇಕು, ಮೀನು ಹಿಡಿಯುವವರೂ ಗೇಟಿನ ಕಾವಲುಗಾರರೂ ಕೇಳುವುದನ್ನೆಲ್ಲ ಕೇಳಿ ಮುಗಿಸುವ ತನಕ.