ಕೊಟ್ಟ ನೆನಪು, ಕೊಡದ ನೆನಪು

ಚಿಕ್ಕಂದಿನಲ್ಲಿ ನಾವು ಬೀದರಿನ ನಾನಕ್ ಝೀರಾಕ್ಕೆ ಹೋಗುತ್ತಿದ್ದುದು ಎರಡೇ ಕಾರಣಕ್ಕೆ: ಆ ತಣ್ಣನೆಯ ನೀರು ಮತ್ತು ಲಂಗರಿನ ಊಟ. ಗುರುನಾನಕರು ಪಾದದಿಂದ ಕಲ್ಲು ಸರಿಸಿದಾಗ ಒಣಗುಡ್ಡದಲ್ಲಿ ಸಿಹಿನೀರು ಉಕ್ಕಿತು ಎಂಬ ಕಥೆಯನ್ನು ಬೀದರಿನ ಮಕ್ಕಳು, ಯಾವ ಮನೆಯವರೇ ಆಗಿರಲಿ, ಕೇಳಿಕೊಂಡೇ ಬೆಳೆಯುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಸಿಖ್ಖರಲ್ಲ. ಆದರೂ ಆ ಕಥೆ ನಮ್ಮದು ಎಂದೇ ನಾನು ಅಂದುಕೊಂಡಿದ್ದೆ.

ಈ ‘ನಮ್ಮದು’ ಎಂಬ ಮಾತಿನ ಬಗ್ಗೆ ನನಗೆ ಅನುಮಾನ ಶುರುವಾದದ್ದು ಎರಡು ವರ್ಷದ ಹಿಂದೆ. ದಖ್ಖನಿನ ಸಿಖ್ಖರ ಪರಂಪರೆಯನ್ನು ದಾಖಲಿಸುವ ಒಂದು ಜಾಲತಾಣಕ್ಕಾಗಿ ಕೆಲವರು ಸೇರಿ ಕೆಲಸ ಮಾಡುತ್ತಿದ್ದರು. ಒಬ್ಬ ನಿವೃತ್ತ ಮಾಸ್ತರು, ಇಬ್ಬರು ಎಂಜಿನಿಯರುಗಳು, ನಾಲ್ಕೈದು ಕಾಲೇಜು ಹುಡುಗ ಹುಡುಗಿಯರು. ಸಂಬಳ ಯಾರಿಗೂ ಇಲ್ಲ. ಸರ್ವರ್ ಬಾಡಿಗೆಯನ್ನು ಮನೆಮನೆಯವರು ಕೈಲಾದಷ್ಟು ಹಾಕಿ ಕಟ್ಟುತ್ತಿದ್ದರು. ಯಾವ ಕಂಪನಿಯದೂ ಅಲ್ಲದ, ಸಮುದಾಯದ್ದೇ ಆದ ತಾಣ ಎಂಬುದು ಅವರ ಹೆಮ್ಮೆ. ಚರಿತ್ರೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ನಾನು ಕನ್ನಡದ ಪುಟಗಳನ್ನು ಬರೆಯಲು ಸೇರಿಕೊಂಡೆ. ನನ್ನ ಪ್ರಬಂಧಕ್ಕೂ ಸಾಮಗ್ರಿ ಸಿಗುತ್ತದೆ ಎಂಬ ಲೆಕ್ಕಾಚಾರವೂ ಒಳಗೆ ಇತ್ತು.

ಬರೆಯಲು ಬೇಕಾದಷ್ಟಿತ್ತು. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆ ಕೊಡಲು ಎದ್ದುನಿಂತ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಒಬ್ಬರು. ಅವರು ಬೀದರಿನ ಕ್ಷೌರಿಕ ಮನೆತನದವರು ಎನ್ನುತ್ತದೆ ಪರಂಪರೆ. ಯುದ್ಧಭೂಮಿಯಲ್ಲಿ ನಿಂತ ಮಾಯಿ ಭಾಗೋ ತನ್ನ ಕೊನೆಯ ದಿನಗಳನ್ನು ಕಳೆದದ್ದು ಬೀದರಿನ ಹತ್ತಿರದ ಜನವಾಡದಲ್ಲಿ. ಗುರು ಗೋವಿಂದ ಸಿಂಗರು 1708ರಲ್ಲಿ ನಾಂದೇಡದಲ್ಲಿ ತೀರಿಕೊಂಡರು. ಮುಂದೆ ರಣಜಿತ್ ಸಿಂಗರ ಕಾಲದಲ್ಲಿ ನಿಜಾಮನ ಸೇವೆಗೆ ಬಂದ ಸಿಖ್ ಸೈನಿಕರು ಇಲ್ಲೇ ಬೇರೂರಿದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತು ದಖನಿ, ತೆಲುಗು, ಮರಾಠಿ, ಕನ್ನಡ ಮಾತಾಡುತ್ತಾರೆ.

ಇದನ್ನೆಲ್ಲ ಉಳಿಸಿಕೊಳ್ಳುವ ಆತುರ ಎಲ್ಲಿಂದ ಬಂತೆಂದು ಕೇಳಿದಾಗ ಮಾಸ್ತರು ಅಮೃತಸರದ ಮಾತು ತೆಗೆದರು. 1984ರ ಜೂನ್‌ನಲ್ಲಿ ಸ್ವರ್ಣಮಂದಿರದ ಆವರಣದಲ್ಲಿದ್ದ ಸಿಖ್ ರೆಫರೆನ್ಸ್ ಲೈಬ್ರರಿ ಅಪರೂಪದ ಹಸ್ತಪ್ರತಿಗಳ ಸಮೇತ ಇಲ್ಲವಾಯಿತು. ಎಲ್ಲವೂ ಒಂದೇ ಕಡೆ ಇರಬಾರದು ಎಂಬುದು ಅವರು ಅದರಿಂದ ಕಲಿತ ಪಾಠ. ಅದಕ್ಕೇ ನಮ್ಮ ಗುಂಪಿನಲ್ಲಿ ಒಂದು ಅಲಿಖಿತ ನಿಯಮ ಬೆಳೆದಿತ್ತು: ಸಿಕ್ಕಿದ್ದನ್ನೆಲ್ಲ ಸ್ಕ್ಯಾನ್ ಮಾಡು, ಎಲ್ಲವನ್ನೂ ಏರಿಸು.

ಆ ನಿಯಮ ಒಬ್ಬ ಅಜ್ಜಿಯ ಮನೆಯಲ್ಲಿ ಮುರಿಯಿತು. ಅವರನ್ನು ಎಲ್ಲರೂ ಚಾಚಿ ಎನ್ನುತ್ತಿದ್ದರು. ಟ್ರಂಕಿನಿಂದ ಮದುವೆಯ ಫೋಟೋ, ಮಾವನ ಕಾಲದ ಕಾಗದಪತ್ರ, ಕಸೂತಿಯ ಬಟ್ಟೆ ಎಲ್ಲ ತೆಗೆದು ಕೊಟ್ಟರು. ರೆಕಾರ್ಡರ್ ಓಡುತ್ತಿತ್ತು. ಮಾತು ಎಲ್ಲೆಲ್ಲೋ ಸುತ್ತಿ 1988ರ ಸೆಪ್ಟೆಂಬರಿಗೆ ಬಂತು. ಆ ತಿಂಗಳು ಬೀದರಿನಲ್ಲಿ ಸಿಖ್ಖರ ಮೇಲೆ ದಾಳಿಯಾಗಿತ್ತು. ಇಲ್ಲಿಗೆ ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳು ಕೊಲೆಯಾಗಿದ್ದರು. ಚಾಚಿ ಮುಕ್ಕಾಲು ಗಂಟೆ ಮಾತಾಡಿದರು. ಯಾರು ಬಾಗಿಲು ತೆರೆದರು, ಯಾರು ಹಾಕಿಕೊಂಡರು, ಎಲ್ಲ ಹೇಳಿದರು. ಕೊನೆಗೆ ನೀರು ಕುಡಿದು, “ಬೇಟಾ, ಇದನ್ನ ಹಾಕಬ್ಯಾಡ. ಬಾಗಿಲು ಹಾಕ್ಕೊಂಡವರ ಮೊಮ್ಮಗಳು ದಿನಾ ನಮ್ಮ ಮನಿಗೆ ಆಡಾಕ ಬರ್ತಾಳ” ಅಂದರು.

ಅಂದು ರಾತ್ರಿ ಗುಂಪಿನಲ್ಲಿ ದೊಡ್ಡ ಜಗಳವಾಯಿತು. “ಇದನ್ನು ಬಿಟ್ಟರೆ ನಮ್ಮದು ಪ್ರವಾಸಿಗರ ಕೈಪಿಡಿ ಅಷ್ಟೇ. ಝೀರಾದ ನೀರು ಬೇಕು, ರಕ್ತ ಬೇಡವಾ?” ಎಂದಳು ಕಾಲೇಜಿನ ಹುಡುಗಿ. ಸತ್ತವರು ಮಾತಾಡಲಾರರು, ಅವರ ಪರವಾಗಿ ನಾವಾದರೂ ಮಾತಾಡಬೇಕಲ್ಲವೇ ಎಂಬುದು ಅವಳ ವಾದ. ಎಂಜಿನಿಯರ್ ಒಬ್ಬರು, “ತಾಣ ಸಮುದಾಯದ್ದು. ಚಾಚಿ ಸಮುದಾಯ. ಅವರು ಬೇಡ ಅಂದ ಮೇಲೆ ಮುಗೀತು” ಎಂದರು. ನಾನು ಹುಡುಗಿಯ ಪರ ವಹಿಸಿ ಉತ್ಸಾಹದಿಂದ ಮಾತಾಡಿದೆ. ಮಲಗಿದ ಮೇಲೆ ಆ ಉತ್ಸಾಹದ ಮೂಲ ಹೊಳೆಯಿತು: ಆ ಮುಕ್ಕಾಲು ಗಂಟೆ ನನ್ನ ನಾಲ್ಕನೇ ಅಧ್ಯಾಯಕ್ಕೆ ಬೇಕಿತ್ತು.

ಸಮುದಾಯದ್ದು ಎಂದ ಮಾತ್ರಕ್ಕೆ ಪ್ರಶ್ನೆ ಬಗೆಹರಿಯುವುದಿಲ್ಲ. 2019ರ ಮಾರ್ಚ್‌ನಲ್ಲಿ ತರನ್ ತಾರನ್‌ನ ಹಳೆಯ ದರ್ಶನಿ ದೇವಡಿಯ ಮೇಲ್ಭಾಗವನ್ನು ರಾತ್ರೋರಾತ್ರಿ ಒಡೆದವರು ಹೊರಗಿನವರಲ್ಲ, ಕಾರ್‌ಸೇವೆಯವರೇ. ಅದನ್ನು ತಡೆದು ನಿಲ್ಲಿಸಿದವರೂ ಸಿಖ್ಖರೇ. ಇಬ್ಬರ ಬಾಯಲ್ಲೂ ಇದ್ದದ್ದು ಸೇವೆ ಎಂಬ ಒಂದೇ ಪದ. ಸಮುದಾಯವೆಂದರೆ ಒಂದು ದನಿಯಲ್ಲ. ಅಲ್ಲಿ ಬಲ ಇದ್ದವರು ಅಳಿಸಬಲ್ಲರು, ಇಲ್ಲದವರ ಗುಟ್ಟನ್ನು ಬಯಲಿಗೂ ಹಾಕಬಲ್ಲರು. ಸಮಿತಿಯೊಂದು ಊರಿನ ಮರ್ಯಾದೆಗಾಗಿ 1988 ಬೇಡ ಎನ್ನುವುದಕ್ಕೂ ಚಾಚಿ ಬೇಡ ಎನ್ನುವುದಕ್ಕೂ ಅಜಗಜಾಂತರವಿದೆ. ಮೊದಲನೆಯದು ಬೇರೆಯವರ ನೋವನ್ನು ಮುಚ್ಚುವುದು. ಎರಡನೆಯದು ತನ್ನ ನೋವಿನ ಜೊತೆ ಅದೇ ಓಣಿಯಲ್ಲಿ ಬದುಕುವುದು.

ನನಗೆ ದಾರಿ ತೋರಿದ್ದು ಲಂಗರೇ. ಅಲ್ಲಿ ಉಣ್ಣುವ ಹಕ್ಕು ಎಲ್ಲರಿಗೂ ಇದೆ; ಯಾರೆಂದು ಕೇಳುವುದಿಲ್ಲ. ಆದರೆ ಆ ಹಿಟ್ಟು, ಬೇಳೆ ಬರುವುದು ಕೊಟ್ಟವರಿಂದ. ದಸ್ವಂಧ್ ಎಂದರೆ ದುಡಿಮೆಯ ಹತ್ತನೇ ಒಂದು ಪಾಲನ್ನು ತಾನಾಗಿ ಕೊಡುವುದು. ಯಾರದೋ ಮನೆಯ ಒಲೆ ಮೇಲಿನ ಪಾತ್ರೆಯನ್ನು ಎತ್ತಿಕೊಂಡು ಬಂದು ಪಂಕ್ತಿಗೆ ಬಡಿಸಿದರೆ ಅದು ಲಂಗರ್ ಆಗುವುದಿಲ್ಲ, ಉಂಡವರು ಎಷ್ಟೇ ಹಸಿದಿರಲಿ.

ಕೊನೆಗೆ ನಾವು ಮಾಡಿದ್ದಿಷ್ಟು. 1988ರ ಘಟನೆ ತಾಣದಲ್ಲಿದೆ. ಅದು ಊರಿನ ಚರಿತ್ರೆ, ಅಂದಿನ ಪತ್ರಿಕೆಗಳಲ್ಲಿ ಬಂದದ್ದು, ಅದನ್ನು ಮುಚ್ಚಿಡುವ ಹಕ್ಕು ಯಾರಿಗೂ ಇಲ್ಲ. ಚಾಚಿಯ ಧ್ವನಿ ಅಲ್ಲಿಲ್ಲ. ಅದರ ಪ್ರತಿ ಅವರ ಟ್ರಂಕಿನಲ್ಲಿರುವ ಒಂದು ಪೆನ್‌ಡ್ರೈವಿನಲ್ಲಿದೆ. ನಮ್ಮಲ್ಲಿದ್ದದ್ದನ್ನು ಅವರ ಎದುರೇ ಅಳಿಸಿದೆವು. ಹುಡುಗಿ ಇದನ್ನು ಇವತ್ತಿಗೂ ಒಪ್ಪಿಲ್ಲ. ಚಾಚಿಗೆ ಎಂಬತ್ತು ದಾಟಿದೆ, ಪೆನ್‌ಡ್ರೈವ್ ಕೆಟ್ಟರೆ ಏನು ಗತಿ ಎಂದು ಕೇಳುತ್ತಾಳೆ. ನನ್ನ ಬಳಿ ಉತ್ತರವಿಲ್ಲ. ಅವಳು ಹೇಳುವ ನಷ್ಟ ನಿಜವಾದ ನಷ್ಟ.

ನನ್ನ ನಾಲ್ಕನೇ ಅಧ್ಯಾಯ ತೆಳ್ಳಗಿದೆ. ಮಾರ್ಗದರ್ಶಕರು ಅದನ್ನು ಎರಡು ಸಲ ಹೇಳಿದ್ದಾರೆ. ಮೊನ್ನೆ ಗುರುಪುರಬ್‌ಗೆ ಚಾಚಿಗೆ ಫೋನ್ ಮಾಡಿದೆ. ಊಟಕ್ಕೆ ಯಾವಾಗ ಬರ್ತೀ ಎಂದು ಕೇಳಿದರು. ಪೆನ್‌ಡ್ರೈವಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಭಾನುವಾರ ಬರ್ತೀನಿ ಅಂದೆ, ಅಷ್ಟೇ.