ಕೆಲಸ ಕಲಿಯಲಿ ಬಿಡಿ ಎನ್ನುವ ಮುನ್ನ

ಮಕ್ಕಳನ್ನು ಶಾಲೆಗೆ ಸೇರಿಸುವಾಗ ತುಂಬುವ ಅರ್ಜಿಯನ್ನು ಒಮ್ಮೆ ನೆನಪಿಸಿಕೊಳ್ಳೋಣ. ಹೆಸರು, ಜನ್ಮದಿನಾಂಕ, ತಂದೆಯ ಉದ್ಯೋಗ ಎಲ್ಲವೂ ಮುಗಿದ ಮೇಲೆ 'ತಾಯಿಯ ವಿದ್ಯಾರ್ಹತೆ' ಎಂಬ ಸಾಲು ಬರುತ್ತದೆ. ತಾಯಿ ಶಾಲೆಯ ಮೆಟ್ಟಿಲು ಹತ್ತದವಳಾದರೆ ನಾವು ಅಲ್ಲೊಂದು ಗೆರೆ ಎಳೆದು ಮುಂದಕ್ಕೆ ಹೋಗುತ್ತೇವೆ. ಕರಾವಳಿಯ ಒಂದು ಬೀಡಿ ಕಟ್ಟುವ ಮನೆಯನ್ನೇ ತೆಗೆದುಕೊಳ್ಳಿ. ಆ ತಾಯಿ ಮನೆಯೊಳಗೆ ಬ್ಯಾರಿ, ನೆರೆಮನೆಯಲ್ಲಿ ತುಳು, ಆಸ್ಪತ್ರೆಯಲ್ಲಿ ಕನ್ನಡ ಮಾತನಾಡುತ್ತಾಳೆ. ಎಲೆಯನ್ನು ಎಷ್ಟು ಹೊತ್ತು ನೆನೆಸಬೇಕು, ಯಾವ ಎಲೆಯನ್ನು ಹೇಗಿಟ್ಟು ಕತ್ತರಿಸಿದರೆ ವ್ಯರ್ಥವಾಗುವುದಿಲ್ಲ, ಒಂದು ಬೀಡಿಗೆ ಎಷ್ಟು ಹೊಗೆಸೊಪ್ಪು ಎಂಬುದೆಲ್ಲ ಅವಳ ಬೆರಳುಗಳಿಗೆ ಗೊತ್ತು. ಬ್ರಾಂಚಿನಲ್ಲಿ ಲೆಕ್ಕ ತಪ್ಪಿದರೆ ಬಾಯಿಲೆಕ್ಕದಲ್ಲೇ ಹಿಡಿಯಬಲ್ಲಳು. ಇಷ್ಟೆಲ್ಲ ಕಲಿತವಳ ಹೆಸರಿನ ಮುಂದೆ ನಾವು ಎಳೆಯುವುದು ಒಂದು ಗೆರೆ!

ಅದೇ ಮನೆಯ ಇನ್ನೊಂದು ದೃಶ್ಯ. ಮಗಳು ಶಾಲೆಯಿಂದ ಬಂದವಳೇ ಚೀಲವನ್ನು ಮೂಲೆಗಿಟ್ಟು ತಾಯಿಯ ಪಕ್ಕ ಮೊರದ ಮುಂದೆ ಕುಳಿತುಕೊಳ್ಳುತ್ತಾಳೆ. ಬೀಡಿಯ ತುದಿ ಮಡಚುವುದು, ನೂಲು ಸುತ್ತುವುದು, ಇಪ್ಪತ್ತೈದರ ಕಟ್ಟು ಕಟ್ಟುವುದು ಅವಳ ಪಾಲಿನ ಕೆಲಸ. ನೋಡಿದವರು ಏನಾದರೂ ಕೇಳಿದರೆ ಮನೆಯ ಹಿರಿಯರ ಉತ್ತರ ಸಿದ್ಧವಾಗಿರುತ್ತದೆ: "ಕೆಲಸ ಕಲಿಯಲಿ ಬಿಡಿ, ನಾಳೆ ಉಪಯೋಗಕ್ಕೆ ಬರುತ್ತದೆ."

ತಾಯಿಗೆ ನಿರಾಕರಿಸಿದ 'ಕಲಿಕೆ' ಎಂಬ ಮಾತನ್ನು ಮಗಳಿಗೆ ನಾವು ಎಷ್ಟು ಧಾರಾಳವಾಗಿ ಕೊಟ್ಟುಬಿಟ್ಟೆವು! ಹಾಗಾದರೆ ಶಾಲೆಯ ಹೊರಗೆ ನಡೆಯುವ ಯಾವುದು ಕಲಿಕೆ, ಯಾವುದು ಕಲಿಕೆಯಲ್ಲ? ಆ ಗಡಿಯನ್ನು ಗುರುತಿಸುವವರು ಯಾರು?

ಶಿಕ್ಷಣ ತಜ್ಞರು ಈ ಬಗ್ಗೆ ಯೋಚಿಸದೆ ಇಲ್ಲ. 1970ರ ದಶಕದ ಆರಂಭದಲ್ಲಿ ಫಿಲಿಪ್ ಕೂಂಬ್ಸ್ ಮತ್ತು ಮಂಜೂರ್ ಅಹ್ಮದ್ ಶಿಕ್ಷಣವನ್ನು ಮೂರಾಗಿ ವಿಂಗಡಿಸಿದರು. ತರಗತಿ, ಪರೀಕ್ಷೆ, ಪ್ರಮಾಣಪತ್ರಗಳಿರುವುದು ಔಪಚಾರಿಕ. ಶಾಲೆಯ ಚೌಕಟ್ಟಿನ ಹೊರಗಿದ್ದರೂ ಒಂದು ಉದ್ದೇಶದಿಂದ ವ್ಯವಸ್ಥಿತವಾಗಿ ನಡೆಸುವ ಸಾಕ್ಷರತಾ ತರಗತಿ, ಕೃಷಿ ತರಬೇತಿಯಂಥವು ಔಪಚಾರಿಕೇತರ. ಮನೆ, ಕೆಲಸ, ಆಟ, ಸಂತೆ, ರೇಡಿಯೋ, ನೆರೆಹೊರೆಗಳಿಂದ ಮನುಷ್ಯ ಹುಟ್ಟಿನಿಂದ ಸಾಯುವವರೆಗೆ ಪಡೆಯುತ್ತಲೇ ಇರುವ ತಿಳಿವು ಅನೌಪಚಾರಿಕ.

ಈ ವಿಂಗಡಣೆ ಉಪಯುಕ್ತವೇ ಸರಿ. ಆದರೆ ಮೂರನೆಯ ಕೋಣೆಗೆ ಗೋಡೆಗಳೇ ಇಲ್ಲ. ಬದುಕಿದ್ದೆಲ್ಲವೂ ಕಲಿಕೆಯೇ ಎಂದಾದರೆ ಆ ಪದಕ್ಕೆ ಅರ್ಥವೇನು ಉಳಿಯಿತು? 'ಜೀವನವೇ ದೊಡ್ಡ ಪಾಠಶಾಲೆ' ಎಂದು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಕೇಳಲು ಚೆನ್ನಾಗಿದೆ. ಆದರೆ ಆ ಪಾಠಶಾಲೆಗೆ ರಜೆಯಿಲ್ಲ, ಅಲ್ಲಿಯ ಮೇಷ್ಟರ ಮೇಲೆ ದೂರು ಕೊಡಲು ಕಚೇರಿಯಿಲ್ಲ.

ಇನ್ನೊಂದು ಮಾತು. ಹೇಳಿಕೊಡದೆ ಕಲಿತದ್ದೆಲ್ಲ ಒಳ್ಳೆಯದೇ ಆಗಿರುವುದಿಲ್ಲ. ಮನೆಗೆ ಬಂದ ಕೂಲಿಯಾಳಿಗೆ ಬೇರೆಯೇ ಲೋಟದಲ್ಲಿ ನೀರು ಕೊಡುವುದನ್ನು ಮಗು ನೋಡುತ್ತದೆ. ಗಂಡಸರು ಉಂಡೆದ್ದ ಮೇಲೆ ಹೆಂಗಸರ ಸರದಿ ಎಂಬುದನ್ನು ನೋಡುತ್ತದೆ. ಯಾವ ಧರ್ಮದವರ ಬೀದಿಗೆ ಕಾಲಿಡುವಾಗ ದೊಡ್ಡವರ ದನಿ ಬದಲಾಗುತ್ತದೆ ಎಂಬುದನ್ನೂ ಗಮನಿಸುತ್ತದೆ. ಇದನ್ನು ಯಾರೂ ಪಾಠ ಮಾಡಲಿಲ್ಲ, ಆದರೂ ಮಗು ಕಲಿಯಿತು. ಪುಸ್ತಕದಲ್ಲಿ ಓದಿದ್ದನ್ನು ಮರೆಯಬಹುದು, ಪ್ರಶ್ನಿಸಬಹುದು. ಯಾರೂ ಹೇಳಿಕೊಡದ ಪಾಠವನ್ನು ಯಾರ ಬಳಿ ಪ್ರಶ್ನಿಸುವುದು? ಆದ್ದರಿಂದ ಅನೌಪಚಾರಿಕ ಕಲಿಕೆ ಎಂದ ಮಾತ್ರಕ್ಕೆ ಕೈಮುಗಿಯಬೇಕಾಗಿಲ್ಲ. ಅದನ್ನೂ ಪರೀಕ್ಷಿಸಿ ನೋಡಬೇಕು.

ಹಾಗಾದರೆ ಒರೆಗಲ್ಲು ಯಾವುದು? ಹದಿನಾಲ್ಕನೆಯ ಶತಮಾನದ ಚಿಂತಕ ಇಬ್ನ್ ಖಲ್ದೂನ್ ತಮ್ಮ 'ಮುಕದ್ದಿಮಾ'ದಲ್ಲಿ ಕಸುಬುಗಳ ಕಲಿಕೆಯ ಕುರಿತು ಚರ್ಚಿಸಿದ್ದಾರೆ. ಅವರ ಪ್ರಕಾರ ಕಸುಬೆಂದರೆ ಮತ್ತೆ ಮತ್ತೆ ಮಾಡುವುದರಿಂದ ಮನುಷ್ಯನಲ್ಲಿ ನೆಲೆಗೊಳ್ಳುವ ಒಂದು ಪರಿಣತಿ. ಕಣ್ಣಾರೆ ಕಂಡು ಕಲಿತದ್ದು ಬರೀ ಕೇಳಿ ತಿಳಿದದ್ದಕ್ಕಿಂತ ಗಟ್ಟಿ. ಕಲಿಯುವವನ ಪರಿಣತಿ ಕಲಿಸುವವನ ಪರಿಣತಿಯನ್ನು ಅವಲಂಬಿಸಿದೆ. ಮಕ್ಕಳ ಮೇಲೆ ಬಲಾತ್ಕಾರ ಮಾಡಿದರೆ ಅವರ ಮನಸ್ಸು ಮುದುಡಿ ಸುಳ್ಳು, ಕಪಟಗಳತ್ತ ಹೊರಳುತ್ತದೆ ಎಂದೂ ಅವರು ಎಚ್ಚರಿಸಿದ್ದಾರೆ.

ಇದನ್ನು ನಮ್ಮ ಮೊರದ ಮುಂದೆ ಕುಳಿತ ಹುಡುಗಿಗೆ ಅನ್ವಯಿಸಿ ನೋಡೋಣ. ಬೀಡಿಯ ತುದಿ ಮಡಚುವುದು ಚುರುಕಾದ ಬೆರಳುಗಳಿಗೆ ಕೆಲವು ದಿನಗಳ ಮಾತು. ಪರಿಣತಿ ನೆಲೆಗೊಂಡಾಯಿತು. ಮುನ್ನೂರನೆಯ ದಿನ ಅವಳು ಏನು ಕಲಿಯುತ್ತಿದ್ದಾಳೆ? ಗ್ಯಾರೇಜಿನ ಹುಡುಗ ಮೊದಲ ತಿಂಗಳು ಯಾವ ಬೋಲ್ಟಿಗೆ ಯಾವ ಸ್ಪ್ಯಾನರ್ ಎಂದು ಕಲಿತ. ಎರಡು ವರ್ಷವಾದರೂ ಮೇಸ್ತ್ರಿ ಅವನಿಗೆ ಇಂಜಿನ್ ಮುಟ್ಟಲು ಬಿಡದೆ ಚಹಾ ತರಲು ಕಳಿಸುತ್ತಿದ್ದರೆ ಅದನ್ನು ಏನೆಂದು ಕರೆಯೋಣ?

ನಮಗೆ ಕಾಣುವಂತೆ ಮೂರು ಪ್ರಶ್ನೆಗಳು ಈ ಗಡಿಯನ್ನು ತೋರಿಸುತ್ತವೆ. ಇಂದಿನ ಕೆಲಸದಲ್ಲಿ ನಿನ್ನೆ ಗೊತ್ತಿಲ್ಲದ ಏನಾದರೂ ಇದೆಯೇ? 'ಯಾಕೆ ಹೀಗೆ?' ಎಂದು ಕೇಳಿದರೆ ಉತ್ತರ ಸಿಗುತ್ತದೆಯೇ, ಇಲ್ಲ ಗದರಿಕೆಯೇ? ಬೇಸರವಾದಾಗ, ಬೇರೇನನ್ನೋ ಕಲಿಯಬೇಕೆನಿಸಿದಾಗ ಎದ್ದುಹೋಗಲು ಸಾಧ್ಯವೇ? ಮೂರಕ್ಕೂ 'ಇಲ್ಲ' ಎಂಬುದೇ ಉತ್ತರವಾದರೆ ಅಲ್ಲಿ ಕಲಿಕೆ ಮುಗಿದಿದೆ, ದುಡಿಮೆ ಉಳಿದಿದೆ.

ಕಾನೂನು ಕೂಡ ಈ ಗಡಿಯ ಬಳಿ ತಡವರಿಸಿದೆ. 1986ರ ಬಾಲಕಾರ್ಮಿಕ ಕಾಯ್ದೆಯು ಬೀಡಿ ತಯಾರಿಕೆಯಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಿತು. ಆದರೆ ಕುಟುಂಬದವರ ನೆರವಿನಿಂದ ನಡೆಸುವ ಕೆಲಸಕ್ಕೆ ವಿನಾಯಿತಿ ಕೊಟ್ಟಿತು. ಬೀಡಿ ಕಟ್ಟುವುದು ಹೆಚ್ಚಾಗಿ ಮನೆಯ ಜಗಲಿಯಲ್ಲೇ ಎಂದ ಮೇಲೆ ನಿಷೇಧ ಯಾರಿಗೆ ತಟ್ಟಬೇಕು? 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯನ್ನು ಹಕ್ಕಾಗಿಸಿತು. 2016ರ ತಿದ್ದುಪಡಿಯು ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸುವುದನ್ನು ಎಲ್ಲ ಕ್ಷೇತ್ರಗಳಲ್ಲೂ ನಿಷೇಧಿಸಿ, ಅಪಾಯಕಾರಿಯಲ್ಲದ ಕೌಟುಂಬಿಕ ಕೆಲಸಗಳಲ್ಲಿ ಶಾಲಾ ಅವಧಿಯ ನಂತರ ಮತ್ತು ರಜೆಯಲ್ಲಿ ನೆರವಾಗಲು ಅವಕಾಶ ಉಳಿಸಿಕೊಂಡಿತು. ಕಾನೂನಿಗೆ ಗಡಿಯಾರ ಕಾಣುತ್ತದೆ. ಮರುದಿನ ತರಗತಿಯಲ್ಲಿ ತೂಕಡಿಸುವ ಕಣ್ಣುಗಳು ಕಾಣುವುದಿಲ್ಲ. ಅವು ಕಾಣಬೇಕಾದದ್ದು ನಮಗೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಆ ತಾಯಿಗೇನು ಮಗಳ ಮೇಲೆ ಮಮತೆಯಿಲ್ಲವೇ? ಮಜೂರಿ ಸಿಗುವುದು ಸಾವಿರದ ಲೆಕ್ಕದಲ್ಲಿ. ಮಗಳ ಬೆರಳುಗಳು ಸೇರದಿದ್ದರೆ ಲೆಕ್ಕ ತುಂಬುವುದಿಲ್ಲ, ಒಲೆ ಉರಿಯುವುದಿಲ್ಲ. ನಿಜ. ಹೊಟ್ಟೆ ತುಂಬಿದವರು ಆಕೆಯ ಮೇಲೆ ತೀರ್ಪು ಕೊಡುವುದು ಸಲ್ಲದು. ಆದರೆ ಆಗ ಇದ್ದದ್ದನ್ನು ಇದ್ದ ಹಾಗೆ ಹೇಳೋಣ: ಮನೆಯಲ್ಲಿ ಕಷ್ಟವಿದೆ, ಮಗು ದುಡಿಯುತ್ತಿದೆ. ಹೀಗೆ ಹೇಳಿದೊಡನೆ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ. ಒಬ್ಬಳ ದುಡಿಮೆಯಿಂದ ಒಂದು ಮನೆ ನಡೆಯದಷ್ಟು ಕಡಿಮೆ ಮಜೂರಿ ಏಕೆ? ಇದರ ಲಾಭ ಯಾರಿಗೆ? 'ಕಲಿಯಲಿ ಬಿಡಿ' ಎಂದಾಗ ಈ ಪ್ರಶ್ನೆಗಳೆಲ್ಲ ಮಲಗಿ ನಿದ್ರಿಸುತ್ತವೆ. ಒಂದು ಒಳ್ಳೆಯ ಮಾತು ಕೆಟ್ಟ ವ್ಯವಸ್ಥೆಗೆ ಹೊದಿಕೆಯಾಗುವುದು ಹೀಗೆಯೇ.

ಮಕ್ಕಳು ಮನೆಗೆಲಸ ಮುಟ್ಟಲೇಬಾರದು ಎಂಬುದು ನಮ್ಮ ವಾದವಲ್ಲ. ಅನ್ನ ಬೇಯಿಸಲು, ಹರಿದ ಬಟ್ಟೆ ಹೊಲಿಯಲು ಬಾರದ ಮಗು ಎಷ್ಟು ಅಂಕ ಗಳಿಸಿದರೂ ಒಂದು ಬಗೆಯಲ್ಲಿ ಬಡವನೇ. ಆದರೆ ಅಡುಗೆ ನಿಜಕ್ಕೂ ಬದುಕಿಗೆ ಬೇಕಾದ ಕಲಿಕೆಯಾದರೆ ಅದನ್ನು ಮಗಳಿಗೆ ಮಾತ್ರ ಕಲಿಸುವುದೇಕೆ? ಮಗನಿಗೆ ಬದುಕಿಲ್ಲವೇ?

ಇನ್ನು ತಾಯಿಯ ವಿಷಯ. ಮಗಳಿಗೆ ಈ ಮಾತನ್ನು ಸುಲಭವಾಗಿ ಕೊಟ್ಟದ್ದು ಅದಕ್ಕೆ ಬೆಲೆ ತೆರಬೇಕಿರಲಿಲ್ಲ ಎಂಬ ಕಾರಣಕ್ಕೆ. ತಾಯಿಗೆ ಕೊಡದಿದ್ದದ್ದು ಕೊಟ್ಟರೆ ಬೆಲೆ ತೆರಬೇಕಾಗುತ್ತದೆ ಎಂಬ ಕಾರಣಕ್ಕೆ. ಅವಳ ಕಲಿಕೆಯನ್ನು ಒಪ್ಪಿದರೆ ಅವಳ ಮಾತನ್ನೂ ಕೇಳಬೇಕು, ಕೂಲಿಯನ್ನೂ ಹೆಚ್ಚಿಸಬೇಕು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ದುಡಿಯುತ್ತ ಕಲಿತವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ವ್ಯವಸ್ಥೆಯನ್ನು ಸೇರಿಸಲಾಯಿತು. ಒಳ್ಳೆಯ ಹೆಜ್ಜೆ. ಇದಕ್ಕೂ ಮಿತಿಯಿದೆ, ಇರಲೇಬೇಕು. ನೋಡಿ ಕಲಿತವನು ಸೈಕಲ್ ರಿಪೇರಿ ಮಾಡಲಿ. ನೋಡಿ ಕಲಿತ ಮಾತ್ರಕ್ಕೆ ಇಂಜೆಕ್ಷನ್ ಚುಚ್ಚಲು ಹೊರಟರೆ ಒಪ್ಪಲಾಗದು. ನಮ್ಮ ತಪ್ಪಿಗೆ ಇನ್ನೊಬ್ಬರ ಜೀವ ಬೆಲೆ ತೆರುವಲ್ಲಿ ಪರೀಕ್ಷೆ, ಪದವಿಗಳನ್ನು ಕೇಳುವುದು ನ್ಯಾಯ. ಅಂಥ ಅಪಾಯವಿಲ್ಲದ ಕಡೆಯೂ ಕಾಗದವನ್ನೇ ಕೇಳಿ ಪರಿಣತರನ್ನು ಬಾಗಿಲಲ್ಲಿ ನಿಲ್ಲಿಸುವುದು ಅನ್ಯಾಯ.

ಕೊನೆಗೆ ಮತ್ತೆ ಆ ಮನೆಗೆ ಹೋಗೋಣ. ಮುಂದಿನ ಸಲ ಅರ್ಜಿಯಲ್ಲಿ ಗೆರೆ ಎಳೆಯುವ ಮುನ್ನ ತಾಯಿಯನ್ನು ಕೇಳೋಣ: "ನಿಮಗೆ ಏನೇನು ಗೊತ್ತು?" ಅವಳು ಹೇಳುವುದನ್ನು ಬರೆಯಲು ಆ ಸಾಲು ಸಾಲದೆಹೋಗಬಹುದು. ಮಗಳ ಬಳಿಯೂ ಕುಳಿತು ಕೇಳೋಣ: "ಇವತ್ತು ಹೊಸತೇನು ಕಲಿತೆ, ಮಗಳೇ?" ಅವಳು ಉತ್ಸಾಹದಿಂದ ಹೇಳತೊಡಗಿದರೆ ಕೇಳಿ ಸಂತೋಷಪಡೋಣ. ಏನೂ ಹೇಳದೆ ತಲೆತಗ್ಗಿಸಿ ಮೊರದಿಂದ ಇನ್ನೊಂದು ಬೀಡಿ ಎತ್ತಿಕೊಂಡರೆ, 'ಕೆಲಸ ಕಲಿಯಲಿ ಬಿಡಿ' ಎಂಬ ಮಾತನ್ನು ಇನ್ನೆಂದೂ ಆಡದಿರೋಣ.